ತಲೆಯ ‘ಅ’ಕಾರವೂ ಬಾಲದ ‘ಅದ’ವೂ: ಮರೆಯಾದ ನಿಷೇಧ ಶಬ್ದಗಳ ವಿಚಾರ

ಗಡಿಭಾಗದ ಶಾಲೆಗಳಲ್ಲಿ ಕನ್ನಡ ಕಲಿಸುವ ಉಪಾಧ್ಯಾಯ ಬಂಧುಗಳಿಗೆ ‘ವಿರುದ್ಧ ಪದ ಬರೆಯಿರಿ’ ಎಂಬ ಪ್ರಶ್ನೆ ಹೊಸದಲ್ಲ. ಐದು ಪದ ಕೊಟ್ಟು ಐದು ಅಂಕ ಇಡುವುದು ನಮಗೆಲ್ಲ ರೂಢಿ. ನ್ಯಾಯಕ್ಕೆ ಅನ್ಯಾಯ, ಶುಭಕ್ಕೆ ಅಶುಭ, ಭಯಕ್ಕೆ ನಿರ್ಭಯ ಎಂದು ಬರೆದ ಹುಡುಗನು ಗೆದ್ದಂತೆಯೇ. ಹಿಂದೊಮ್ಮೆ ನಾವು ಈ ಪ್ರಶ್ನೆಯನ್ನು ತಿರುಗಿಸಿ, ‘ಅಸಡ್ಡೆ’ ಎಂಬ ಪದವನ್ನು ಕೊಟ್ಟು ಅದರ ವಿರುದ್ಧ ಪದವನ್ನು ಕೇಳಿದ್ದೆವು. ನಮ್ಮ ಮನಸ್ಸಿನಲ್ಲಿದ್ದ ಉತ್ತರ ‘ಆಸ್ಥೆ’ ಅಥವಾ ‘ಶ್ರದ್ಧೆ’. ಒಬ್ಬ ಬಾಲಕನು ‘ಸಡ್ಡೆ’ ಎಂದು ಬರೆದಿದ್ದನು. ನಾವು ನಕ್ಕು, ಕೆಂಪು ಮಸಿಯಿಂದ ಅಡ್ಡಗೆರೆ ಎಳೆದು, ಮುಂದಿನ ಹಾಳೆ ತಿರುವಿದೆವು.

ಆ ಅಡ್ಡಗೆರೆ ಅನಂತರ ನಮ್ಮನ್ನು ಬಹುಕಾಲ ಕಾಡಿತು. ಸಂಸ್ಕೃತದ ‘ಶ್ರದ್ಧಾ’ ಎಂಬುದು ಪ್ರಾಕೃತದಲ್ಲಿ ‘ಸದ್ಧಾ’ ಎಂದೂ ‘ಸಡ್ಢಾ’ ಎಂದೂ ಆಗುತ್ತದೆ. ಅಶ್ರದ್ಧೆಯೇ ಕನ್ನಡದ ಅಸಡ್ಡೆ. ಹೀಗಿರಲು ಹುಡುಗನು ‘ಅ’ಕಾರವನ್ನು ಕಳಚಿ ‘ಸಡ್ಡೆ’ ಎಂದದ್ದು ಶಬ್ದದ ಮೈಕಟ್ಟನ್ನು ಸರಿಯಾಗಿ ಕಂಡೇ ಅಂದ ಮಾತು. ನಮ್ಮ ಬರವಣಿಗೆಯಲ್ಲಿ ‘ಶ್ರದ್ಧೆ’ ತತ್ಸಮವಾಗಿಯೇ ಉಳಿಯಿತು. ‘ಅಶ್ರದ್ಧೆ’ ಮಾತ್ರ ತದ್ಭವವಾಗಿ ಜನರ ಬಾಯಿಗೆ ಬಂದಿತು. ಆದುದರಿಂದ ‘ಅಸಡ್ಡೆ’ಗೆ ಇಂದು ಜೊತೆಯ ಶಬ್ದವಿಲ್ಲ. ತಪ್ಪು ಹುಡುಗನದಲ್ಲ, ನಮ್ಮದು. ನಾವು ಕಲಿಸಿದ ಸೂತ್ರವನ್ನೇ ಅವನು ಹಿಂದುಮುಂದಾಗಿ ನಡೆಸಿದ್ದನು. ಆ ಸೂತ್ರವು ಎಷ್ಟು ದೂರ ಸಲ್ಲುತ್ತದೆ, ಎಲ್ಲಿ ಸಲ್ಲದು ಎಂಬುದನ್ನು ನಾವೇ ಯೋಚಿಸಿರಲಿಲ್ಲ.

ಹೀಗೆ ‘ಇಲ್ಲ’ವೆನ್ನುವ ಶಬ್ದವು ಬದುಕಿ, ‘ಉಂಟು’ ಎನ್ನುವ ಶಬ್ದವು ಸತ್ತುಹೋಗುವ ವಿಚಿತ್ರವು ಕನ್ನಡಕ್ಕೆ ಮಾತ್ರ ಸೇರಿದ್ದಲ್ಲ. ಇಂಗ್ಲಿಷ್ ಪಾಠ ಹೇಳುವ ಮಿತ್ರರು ಇದನ್ನು ಬಲ್ಲರು. ಒರಟು ನಡೆಯವನನ್ನು ಆ ಭಾಷೆಯಲ್ಲಿ ‘ಅನ್‌ಕೂತ್’ ಎನ್ನುತ್ತಾರೆ. ಅದರ ‘ಕೂತ್’ ಎಂಬ ಭಾಗಕ್ಕೆ ‘ತಿಳಿದಿರುವ, ಪರಿಚಿತ’ ಎಂದು ಅರ್ಥವಿತ್ತು. ಅರಿಯದವನು ಅಪರಿಚಿತನಾದನು, ಅಪರಿಚಿತನು ಒರಟನಾದನು; ‘ಕೂತ್’ ಮಾತ್ರ ಬಳಕೆ ತಪ್ಪಿತು. ತಲೆ ಬಾಚದವನನ್ನು ‘ಅನ್‌ಕೆಂಪ್ಟ್’ ಎನ್ನುವಲ್ಲಿ ಬಾಚಣಿಗೆಯ ಇಂಗ್ಲಿಷ್ ಹೆಸರಿನ ಹಳೆಯ ರೂಪ ಅಡಗಿದೆ. ೯೭೮ರಿಂದ ೧೦೧೬ರವರೆಗೆ, ನಡುವೆ ಸ್ವಲ್ಪ ಕಾಲ ಬಿಟ್ಟು, ಆಳಿದ ಈಥೆಲ್‌ರೆಡ್ ಎಂಬ ರಾಜನಿಗೆ ‘ಅನ್‌ರೆಡಿ’ ಎಂಬ ಬಿರುದು ಅವನು ಸತ್ತ ಎಷ್ಟೋ ಕಾಲದ ಮೇಲೆ ಬಂದಿತು. ಇತಿಹಾಸ ಓದುವ ಮಕ್ಕಳು ಅದನ್ನು ‘ಸಿದ್ಧನಿಲ್ಲದ ರಾಜ’ ಎಂದು ತಿಳಿಯುತ್ತಾರೆ. ಅಲ್ಲಿರುವುದು ‘ರೆಡಿ’ ಅಲ್ಲ, ಮಂತ್ರಾಲೋಚನೆ ಎಂಬ ಅರ್ಥದ ‘ರೆಡ್’. ರಾಜನ ಹೆಸರಿಗೇ ‘ಒಳ್ಳೆಯ ಮಂತ್ರಾಲೋಚನೆ’ ಎಂಬ ಅರ್ಥವಿದ್ದುದರಿಂದ, ‘ಕೆಟ್ಟ ಮಂತ್ರಾಲೋಚನೆಯವನು’ ಎಂದು ಜನರು ಹಾಸ್ಯ ಮಾಡಿದ್ದರು. ಹಾಸ್ಯದ ಕೀಲು ಸತ್ತ ಮೇಲೆ ಬಿರುದು ತಪ್ಪರ್ಥದಲ್ಲಿ ಉಳಿಯಿತು.

ಇಲ್ಲಿ ‘ಅನ್’ ಎಂಬುದಕ್ಕೆ ‘ಇಲ್ಲ’ ಎಂಬ ಅರ್ಥಕ್ಕಿಂತ ‘ಕೆಟ್ಟ’ ಎಂಬ ಅರ್ಥವೇ ಮುಂದಾಗಿದೆಯೆಂಬುದನ್ನು ಗಮನಿಸಬೇಕು. ಹಳೆಯ ಇಂಗ್ಲಿಷಿನಲ್ಲಿ ಕೆಟ್ಟ ಹವೆಯನ್ನು ‘ಅನ್’ ಸೇರಿಸಿದ ಹವೆಯೆಂದೇ ಹೇಳುತ್ತಿದ್ದರು. ತಕ್ಕದ್ದಲ್ಲದ ಹೊತ್ತಿಗೆ ‘ಅನ್‌ಟೈಮ್’ ಎಂಬ ನಾಮಪದವೇ ಇತ್ತು. ಇವೆಲ್ಲ ಈಗ ಲುಪ್ತ. ನಮ್ಮ ರೈತನು ‘ಅಕಾಲ ಮಳೆ’ ಎನ್ನುವಾಗ ಕಾಲವೇ ಇಲ್ಲವೆಂದು ಹೇಳುತ್ತಿಲ್ಲ, ಕೆಟ್ಟ ಕಾಲವೆಂದು ಹೇಳುತ್ತಿದ್ದಾನೆ. ನಞ್ ಎಂಬ ಸಂಸ್ಕೃತದ ನಿಷೇಧಕ್ಕೆ ಹಳೆಯ ವೈಯಾಕರಣರು ಆರು ಅರ್ಥಗಳನ್ನು ಹೇಳಿದ್ದಾರೆ: ಹೋಲಿಕೆ, ಇಲ್ಲದಿರುವಿಕೆ, ಬೇರೆಯಾಗಿರುವಿಕೆ, ಅಲ್ಪತೆ, ಹೀನತೆ, ವಿರೋಧ. ಅಧರ್ಮವೆಂದರೆ ಧರ್ಮದ ಅಭಾವವಲ್ಲ, ಧರ್ಮಕ್ಕೆ ಎದುರಾದದ್ದು. ಸಂಸ್ಕೃತದಲ್ಲಿ ‘ಅಮಿತ್ರ’ನೆಂದರೆ ಪರಿಚಯವಿಲ್ಲದವನಲ್ಲ, ಹಗೆ. ಹದಿಮೂರನೆಯ ಶತಮಾನದ ಇಂಗ್ಲಿಷಿನಲ್ಲಿಯೂ ‘ಅನ್‌ಫ್ರೆಂಡ್’ ಎಂಬ ನಾಮಪದಕ್ಕೆ ಇದೇ ಅರ್ಥವಿತ್ತು. ಆ ಶಬ್ದ ಬಳಕೆ ತಪ್ಪಿ ಮಲಗಿದ್ದು, ನಮ್ಮ ಕಾಲದಲ್ಲಿ ಗಣಕಯಂತ್ರದ ಗೆಳೆತನವನ್ನು ಕಡಿದುಕೊಳ್ಳುವ ಕ್ರಿಯಾಪದವಾಗಿ ಎದ್ದಿತು. ಅಮೆರಿಕದ ಒಂದು ಆಕ್ಸ್‌ಫರ್ಡ್ ನಿಘಂಟು ೨೦೦೯ರಲ್ಲಿ ಅದನ್ನು ವರ್ಷದ ಶಬ್ದವೆಂದು ಆರಿಸಿತು. ನಮ್ಮ ‘ಅಮಿತ್ರ’ನು ಇನ್ನೂ ಎದ್ದಿಲ್ಲ. ಏಳಬೇಕಾಗಿಯೂ ಇಲ್ಲ, ‘ಹಗೆ’ ಎಂಬ ಎರಡಕ್ಷರದ ಶಬ್ದ ನಮ್ಮಲ್ಲಿದೆ.

ಸಂಸ್ಕೃತದಲ್ಲಿಯೇ ಇದಕ್ಕಿಂತ ಸ್ವಾರಸ್ಯವಾದ ಸಂಗತಿಗಳುಂಟು. ಋಗ್ವೇದದಲ್ಲಿ ವರುಣಾದಿ ದೇವತೆಗಳಿಗೇ ‘ಅಸುರ’ ಎಂಬ ಗೌರವದ ವಿಶೇಷಣವಿದೆ. ಅದು ‘ಅಸು’ ಎಂಬ ಶಬ್ದದಿಂದ ಬಂದದ್ದು. ಮೊದಲಿನ ‘ಅ’ಕಾರಕ್ಕೂ ನಿಷೇಧಕ್ಕೂ ಸಂಬಂಧವಿಲ್ಲ. ಮುಂದೆ ಅದನ್ನು ‘ಅ-ಸುರ’ ಎಂದು ಒಡೆದು, ‘ಸುರ’ ಎಂಬ ಹೊಸ ಶಬ್ದವನ್ನು ಮಾಡಿಕೊಂಡು, ಅದಕ್ಕೆ ದೇವತೆ ಎಂಬ ಅರ್ಥವನ್ನು ಕೊಟ್ಟರು. ಕಪ್ಪು ಎಂಬರ್ಥದ ‘ಅಸಿತ’ವನ್ನು ಒಡೆದು ಬಿಳುಪಿಗೆ ‘ಸಿತ’ ಎಂದರು. ‘ವಿಧವೆ’ಯನ್ನು ‘ಧವನಿಲ್ಲದವಳು’ ಎಂದು ಬಿಡಿಸಿ ಗಂಡನಿಗೆ ‘ಧವ’ ಎಂಬ ಹೆಸರನ್ನು ಮಾಡಿಕೊಂಡರು. ಲ್ಯಾಟಿನಿನ ‘ವಿದುವಾ’, ಇಂಗ್ಲಿಷಿನ ‘ವಿಡೋ’ ಎಂಬ ಸೋದರ ಶಬ್ದಗಳನ್ನು ನೋಡಿದರೆ ಅಲ್ಲಿ ‘ವಿ’ ಎಂಬ ಉಪಸರ್ಗವೇ ಇಲ್ಲವೆಂದು ಭಾಷಾಶಾಸ್ತ್ರಜ್ಞರು ತಿಳಿದಿದ್ದಾರೆ. ನಮ್ಮ ಬಾಲಕನು ‘ಸಡ್ಡೆ’ ಎಂದು ಬರೆದದ್ದೂ ಪೂರ್ವದ ಆರ್ಯರು ‘ಸುರ’ ಎಂದದ್ದೂ ಒಂದೇ ಬಗೆಯ ಕೆಲಸ. ಅವರದು ಕೋಶ ಸೇರಿತು, ಇವನದಕ್ಕೆ ಸೊನ್ನೆ ಸಿಕ್ಕಿತು. ಇಷ್ಟಾಗಿ ಹುಡುಗನು ಒಡೆದದ್ದು ಸರಿಯಾಗಿಯೇ ಇತ್ತು. ಅವರು ಒಡೆದದ್ದು ತಪ್ಪಾಗಿತ್ತು.

ತಪ್ಪಾಗಿ ಒಡೆಯುವ ಅಪಾಯವು ತರಗತಿಯಲ್ಲಿ ದಿನವೂ ಇದೆ. ‘ನಿರ್ಭಯ, ನಿರ್ಧನ’ ಕಲಿತ ಮಕ್ಕಳು ‘ನಿರ್ಮಾಣ’ದಲ್ಲಿಯೂ ‘ಇಲ್ಲ’ವನ್ನೇ ಹುಡುಕುತ್ತಾರೆ. ‘ಅವಾಂತರ’ವೆಂದರೆ ಸಂಸ್ಕೃತದಲ್ಲಿ ನಡುವಿನದು, ಒಳಗಿನದು, ಕನ್ನಡದಲ್ಲಿ ಅದು ಅನರ್ಥವೆಂಬ ಅರ್ಥಕ್ಕೆ ಇಳಿದದ್ದರಿಂದ, ಅದರ ‘ಅ’ಕಾರವೂ ನಿಷೇಧದ್ದೇ ಎಂದು ತೋರುತ್ತದೆ. ಇನ್ನು ‘ಅಮೋಘ’ವನ್ನು ನೋಡಿ. ‘ಮೋಘ’ವೆಂದರೆ ವ್ಯರ್ಥ. ವ್ಯರ್ಥವಲ್ಲದ್ದು ಅಮೋಘ. ಮೋಘವನ್ನು ಕನ್ನಡದಲ್ಲಿ ಯಾರೂ ಆಡುವುದಿಲ್ಲವಾದ್ದರಿಂದ, ಇಂದು ಒಳ್ಳೆಯ ಭಾಷಣವೂ ಅಮೋಘ, ಒಳ್ಳೆಯ ಊಟವೂ ಅಮೋಘ. ಶಬ್ದದ ಒಳಗಿನ ನಿಷೇಧ ಕರಗಿಹೋಗಿದೆ. ತೆಲುಗಿಗೂ ನಮಗೂ ಸಮಾನವಾದ ‘ಅಮಾಯಕ’ದ ಗತಿಯೂ ಇದೇ. ‘ಮಾಯಕ’ನನ್ನು ಅಗಳಿಯಲ್ಲಾಗಲಿ ಮಡಕಶಿರದಲ್ಲಾಗಲಿ ಕಂಡವರಿಲ್ಲ.

ಇಷ್ಟು ಪರಭಾಷೆಯ ಮಾತಾಯಿತು. ಪ್ರಕೃತ ನಮ್ಮ ವಾದವಿಷ್ಟೆ: ಕನ್ನಡವು ತನ್ನ ಸ್ವಭಾವದಿಂದ ನಿಷೇಧವನ್ನು ಶಬ್ದದ ತಲೆಯ ಮೇಲೆ ಹೊರುವುದಿಲ್ಲ, ಬಾಲದಲ್ಲಿ ಇಡುತ್ತದೆ. ನಾವು ಶಾಲೆಯಲ್ಲಿ ತಲೆಯ ನಿಷೇಧವನ್ನೇ ಭಾಷೆಯ ನಿಷೇಧವೆಂದು ಕಲಿಸುತ್ತ, ಬಾಲದ ನಿಷೇಧವನ್ನು ವ್ಯಾಕರಣದ ಒಂದು ಪುಟಕ್ಕೆ ಸೀಮಿತಗೊಳಿಸಿದ್ದೇವೆ.

ಹಳಗನ್ನಡದಲ್ಲಿ ‘ನೋಡಿದೆಂ’ ಎಂದರೆ ಭೂತ, ‘ನೋಡುವೆಂ’ ಎಂದರೆ ಭವಿಷ್ಯತ್ತು. ‘ನೋಡೆಂ’ ಎಂದರೆ? ಅಲ್ಲಿ ಧಾತುವಿದೆ, ಪುರುಷವನ್ನು ಹೇಳುವ ಪ್ರತ್ಯಯವಿದೆ. ನಡುವೆ ಕಾಲವನ್ನು ಹೇಳುವ ಅಕ್ಷರವಿಲ್ಲ. ಆ ಇಲ್ಲದಿರುವಿಕೆಯೇ ನಿಷೇಧ. ನೋಡೆಂ, ನೋಡಂ, ನೋಡಳ್, ನೋಡರ್, ನೋಡದು ಎಂದು ಪುರುಷ ಲಿಂಗ ವಚನಗಳೆಲ್ಲ ಸ್ಪಷ್ಟವಾಗಿರುತ್ತವೆ. ‘ಇಲ್ಲ’ ಎಂಬ ಬೇರೆ ಮಾತೇ ಬೇಡ. ಇದರೊಳಗೆ ‘ಅ’ ಎಂಬ ನಿಷೇಧ ಪ್ರತ್ಯಯವೊಂದು ಅಡಗಿದೆಯೋ ಅಥವಾ ಬರಿಯ ಲೋಪವೇ ನಿಷೇಧವೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವುಂಟು. ಕಾಲ್ಡ್‌ವೆಲ್ಲರು ೧೮೫೬ರಲ್ಲಿ ಪ್ರಕಟಿಸಿದ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣದಲ್ಲಿಯೇ ಈ ಚರ್ಚೆ ವಿಸ್ತಾರವಾಗಿ ಬಂದಿದೆ. ಅದಂತಿರಲಿ, ಪ್ರತ್ಯಯವೆಂದರೂ ಲೋಪವೆಂದರೂ ಅದು ಇರುವುದು ಧಾತುವಿನ ಹಿಂದೆಯೇ ಹೊರತು ಮುಂದೆ ಅಲ್ಲ. ನೊಳಂಬರ ರಾಜಧಾನಿ ಹೆಂಜೇರು, ಎಂದರೆ ನಮಗೆ ಹತ್ತಿರದ ಇಂದಿನ ಹೇಮಾವತಿ, ವೈಭವದಲ್ಲಿದ್ದ ದಿನಗಳ ಕನ್ನಡ ಇದೇ.

ಈ ರೂಪಗಳು ನಮ್ಮ ಶಾಲಾ ವ್ಯಾಕರಣದಲ್ಲಿ ‘ನಿಷೇಧಾರ್ಥಕ ಕ್ರಿಯಾಪದ’ ಎಂಬ ಹೆಸರಿನಿಂದ ಇವೆ. ಮಾಡನು, ಮಾಡಳು, ಮಾಡರು, ಮಾಡೆನು ಎಂದು ಮಕ್ಕಳು ರಾಗವಾಗಿ ಒಪ್ಪಿಸುತ್ತಾರೆ. ಗಂಟೆ ಹೊಡೆದ ಕೂಡಲೇ ಹೊರಗೆ ಹೋಗಿ ‘ಮಾಡಲ್ಲ’ ಎನ್ನುತ್ತಾರೆ. ‘ಮಾಡಲ್ಲ’ಕ್ಕೆ ಪುರುಷವಿಲ್ಲ, ಲಿಂಗವಿಲ್ಲ, ವಚನವಿಲ್ಲ, ನಾನೂ ಮಾಡಲ್ಲ, ಅವಳೂ ಮಾಡಲ್ಲ, ಊರವರೂ ಮಾಡಲ್ಲ. ಅದೇ ಅಂಗಳದಲ್ಲಿ ಮನೆಮಾತು ತೆಲುಗಾದ ಹುಡುಗನು ‘ರಾನು’ ಎಂದರೆ ತಾನು ಬರುವುದಿಲ್ಲ, ‘ರಾಡು’ ಎಂದರೆ ಅವನು ಬರುವುದಿಲ್ಲ, ‘ರಾರು’ ಎಂದರೆ ಅವರು ಬರುವುದಿಲ್ಲ. ನಮ್ಮ ‘ಬಾರೆಂ, ಬಾರಂ, ಬಾರರ್’ ಎಂಬ ಹಳಗನ್ನಡದ ಸರಣಿಗೆ ಸೋದರವಾದ ಸರಣಿಯು ಹೀಗೆ ತೆಲುಗಿನಲ್ಲಿ ಇಂದಿಗೂ ಮಕ್ಕಳ ಬಾಯಲ್ಲಿ ನಡೆದಾಡುತ್ತಿದೆ. ಹಳಗನ್ನಡ ಪದ್ಯವನ್ನು ವಿವರಿಸುವಾಗ ಎರಡು ಭಾಷೆ ಬಲ್ಲ ಗಡಿನಾಡಿನ ಮಕ್ಕಳಿಗೆ ಇದನ್ನು ತೋರಿಸಿಕೊಟ್ಟರೆ ಅವರು ಥಟ್ಟನೆ ಹಿಡಿಯುತ್ತಾರೆಂಬುದು ನಮ್ಮ ಅನುಭವ. ೧೯೫೩ರಲ್ಲಿ ರಾಯದುರ್ಗವು ಬಳ್ಳಾರಿ ಜಿಲ್ಲೆಯಿಂದ ಅನಂತಪುರಕ್ಕೆ ಸೇರಿತು; ೨೦೨೨ರಲ್ಲಿ ಮಡಕಶಿರ, ಅಗಳಿಗಳು ಅನಂತಪುರದಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋದವು. ಜಿಲ್ಲೆಯ ಹೆಸರು ಬದಲಾಯಿತೇ ಹೊರತು, ಒಂದೇ ಬೆಂಚಿನ ಮೇಲೆ ಎರಡು ಭಾಷೆ ಕೂಡುವ ಸ್ಥಿತಿ ಬದಲಾಗಲಿಲ್ಲ. ಇದನ್ನು ನಾವು ಕೊರತೆಯೆಂದೇ ಹೇಳಿಕೊಂಡು ಬಂದಿದ್ದೇವೆ. ಈ ಒಂದು ವಿಷಯದಲ್ಲಾದರೂ ಅದು ನಮಗೆ ಉಪಕಾರಿ.

ಹಳೆಯದೆಲ್ಲ ಚಿನ್ನವೆಂದು ನಾವು ಹೇಳುವುದಿಲ್ಲ. ‘ನೋಡೆಂ’ ಎಂಬುದರಲ್ಲಿ ಕಾಲ ತಿಳಿಯದು. ನೋಡಲಿಲ್ಲವೋ, ನೋಡುವುದಿಲ್ಲವೋ ಎಂಬುದನ್ನು ಸಂದರ್ಭವೇ ಹೇಳಬೇಕು. ಇಂದಿನ ಕನ್ನಡವು ‘ನೋಡಲಿಲ್ಲ, ನೋಡಿಲ್ಲ, ನೋಡುತ್ತಿಲ್ಲ, ನೋಡುವುದಿಲ್ಲ’ ಎಂದು ನಾಲ್ಕು ಕಾಲಭೇದಗಳನ್ನು ಪಡೆದಿದೆ. ಪುರುಷವನ್ನು ಕೊಟ್ಟು ಕಾಲವನ್ನು ಕೊಂಡ ವ್ಯಾಪಾರವಿದು, ನಷ್ಟದ ವ್ಯಾಪಾರವೆನ್ನಲಾಗದು. ನಷ್ಟವಾದದ್ದು ಬೇರೆ ಕಡೆ.

ಹಳೆಯ ನಿಷೇಧ ರೂಪಗಳು ಸಾಯುವಾಗ ಕೆಲವು ಚೂರುಗಳನ್ನು ಬಿಟ್ಟುಹೋಗಿವೆ. ನಾವು ಅವುಗಳ ಮೇಲೆ ದಿನವೂ ನಡೆಯುತ್ತಿದ್ದರೂ ಅವು ಏನೆಂದು ಕೇಳುವುದಿಲ್ಲ. ‘ಮಾಡಲಾರೆ’ ಎನ್ನುತ್ತೇವೆ. ಇದರಲ್ಲಿರುವುದು ಸಮರ್ಥನಾಗು ಎಂಬ ಅರ್ಥದ ‘ಆರ್’ ಧಾತು. ಹಳಗನ್ನಡದಲ್ಲಿ ಇದು ವಿಧಿರೂಪದಲ್ಲಿಯೂ ನಡೆಯುತ್ತಿತ್ತು. ಶಕ್ತಿಯೆಂಬ ಅರ್ಥದ ‘ಆರ್ಪು’ ಎಂಬ ನಾಮಪದವೂ ಇತ್ತು. ಇಂದು ಆ ಧಾತುವಿಗೆ ಒಪ್ಪಿಗೆಯ ರೂಪವೇ ಇಲ್ಲ. ‘ಆರೆ’ ಉಂಟು, ‘ಆರ್ಪೆ’ ಇಲ್ಲ. ಇಂಗ್ಲಿಷಿನ ‘ಅನ್‌ಕೂತ್’ಗೆ ಇದಕ್ಕಿಂತ ಸರಿಜೋಡಿ ಬೇಕೆ? ‘ಮಾಡಕೂಡದು’ ಎನ್ನುತ್ತೇವೆ, ‘ಮಾಡಕೂಡುವುದು’ ಎಂದರೆ ಯಾರಿಗೂ ತಿಳಿಯದು. ತಮಿಳಿನಲ್ಲಿ ‘ಕೂಡುಂ’ ‘ಕೂಡಾದು’ ಎರಡೂ ಬದುಕಿವೆ. ‘ಒಲ್ಲೆ’ ಎಂಬುದು ಉತ್ತರ ಕರ್ನಾಟಕದಲ್ಲಿ ಇನ್ನೂ ಗಟ್ಟಿಯಾಗಿದೆ. ನಮ್ಮ ಕಡೆ ಅದು ಗಾದೆಗಳಲ್ಲಿ ಉಳಿದಿದೆ. ಇಲ್ಲಿ ಒಂದು ಮಾತು ನೆನಪಾಗುತ್ತದೆ: ‘ಒಲ್ಲೆ’ಯ ಹಾಗೆಯೇ ಕಾಣುವ ‘ಬಲ್ಲೆ’ ನಿಷೇಧವಲ್ಲ. ಅದರ ನಿಷೇಧ ಬೇಕೆಂದರೆ ‘ಅರಿಯೆ’ ಎಂದು ಇನ್ನೊಂದು ಧಾತುವಿಗೆ ಹೋಗಬೇಕು.

ಎಲ್ಲಕ್ಕಿಂತ ಸೋಜಿಗದ್ದು ‘ಕಾಣೆ’. ಅದು ‘ನಾನು ಕಾಣುವುದಿಲ್ಲ’ ಎಂಬ ಉತ್ತಮಪುರುಷ ಏಕವಚನದ ಕ್ರಿಯಾಪದ. ಮೈಸೂರು ಸೀಮೆಯಲ್ಲಿ ‘ನಾ ಕಾಣೆ’ ಎಂದರೆ ಇಂದಿಗೂ ನನಗೆ ತಿಳಿಯದು ಎಂದೇ ಅರ್ಥ. ಈ ಕ್ರಿಯಾಪದವು ಹೇಗೋ ನಾಮಪದದ ಬಟ್ಟೆ ತೊಟ್ಟು ‘ಎಮ್ಮೆ ಕಾಣೆಯಾಗಿದೆ’, ‘ಬಾಲಕ ಕಾಣೆಯಾಗಿದ್ದಾನೆ’ ಎಂಬಲ್ಲಿ ನಿಂತಿದೆ. ಹುಡುಕುವವನ ಬಾಯ ಮಾತು ಕಳೆದುಹೋದವನ ವಿಶೇಷಣವಾಯಿತು. ಪೊಲೀಸರ ಪ್ರಕಟಣೆಯಲ್ಲಿ ಅದರ ಪಕ್ಕದಲ್ಲಿಯೇ ‘ನಾಪತ್ತೆ’ ಎಂಬ ಶಬ್ದವೂ ಬರುವುದು. ಅದು ಪಾರಸಿಯ ‘ನಾ’ ಎಂಬ ತಲೆಯ ನಿಷೇಧವನ್ನು ಹೊತ್ತದ್ದು. ಎರಡರ ಅರ್ಥ ಒಂದೇ, ನಿಷೇಧದ ಜಾಗ ಬೇರೆ.

ಗಾದೆಗಳಂತೂ ಬಾಲದ ನಿಷೇಧದ ಕಣಜ. ‘ಒಲ್ಲದ ಗಂಡನಿಗೆ ಮೊಸರಲ್ಲಿ ಕಲ್ಲು’, ‘ಕುಣಿಯಲಾರದವಳು ನೆಲ ಡೊಂಕು ಎಂದಳು’, ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’, ‘ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು’, ‘ಕೈಲಾಗದವನು ಮೈ ಪರಚಿಕೊಂಡ’. ಇವುಗಳಲ್ಲಿ ಒಂದರಲ್ಲಿಯೂ ‘ಅ’ಕಾರದ ಉಪಸರ್ಗವಿಲ್ಲ. ಕೈಲಾಗದವನ ಜಾಗದಲ್ಲಿ ‘ಅಸಮರ್ಥನು’ ಎಂದು ಹಾಕಿ ಓದಿ ನೋಡಿ. ಗಾದೆಯ ಬೆನ್ನು ಮುರಿಯುತ್ತದೆ. ಸಂಸ್ಕೃತ ತತ್ಸಮಗಳನ್ನು ಬಿಟ್ಟು ಇಡಿಯ ಕಾವ್ಯವನ್ನು ಬರೆದ ಹದಿಮೂರನೆಯ ಶತಮಾನದ ಆಂಡಯ್ಯನಿಗೆ ಈ ಬಾಲದ ನಿಷೇಧವೇ ಊರುಗೋಲಾಗಿತ್ತಲ್ಲದೆ ಬೇರೆ ದಾರಿಯಿರಲಿಲ್ಲ. ಅವನಂತೆ ಎಲ್ಲರೂ ಬರೆಯಬೇಕೆಂದು ನಾವು ಹೇಳುತ್ತಿಲ್ಲ. ಹಾಗೆ ಬರೆಯಲು ಭಾಷೆಯಲ್ಲಿ ಎಡೆಯಿತ್ತು ಎಂಬುದಷ್ಟೇ ಮುಖ್ಯ.

ತಲೆಯ ನಿಷೇಧವು ಅಚ್ಚಗನ್ನಡ ಶಬ್ದಗಳಿಗೆ ಏಕೆ ಅಂಟಲಿಲ್ಲ? ೧೨೬೦ರ ಸುಮಾರಿನ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಸಂಸ್ಕೃತಕ್ಕೂ ಕನ್ನಡಕ್ಕೂ ಸಮಾಸ ಮಾಡಿದರೆ ಅದನ್ನು ಅರಿಸಮಾಸವೆಂದು ಕರೆದು, ಬಿರುದಾವಳಿ ಮೊದಲಾದ ಕೆಲವು ಎಡೆಗಳ ಹೊರತು ಬೇಡವೆಂದನು. ‘ಅ’ವನ್ನು ಕನ್ನಡ ಧಾತುವಿಗೆ ಹಚ್ಚುವುದು ಕಿವಿಗೇ ಒಪ್ಪದು, ‘ಅಮಾಡು’ ಎಂದು ಮಗುವೂ ಹೇಳದು. ಆದರೂ ಕೇಶಿರಾಜನಿಗಿಂತ ಒಂದು ಶತಮಾನ ಮೊದಲಿನ ವಚನಕಾರರು ಈ ಗಡಿಯನ್ನು ದಾಟಿದ್ದುಂಟು. ಅವರ ‘ನಿರ್ವಯಲು’ ಎಂಬ ಶಬ್ದದಲ್ಲಿ ಸಂಸ್ಕೃತದ ‘ನಿರ್’ ಕನ್ನಡದ ಬಯಲಿನ ತಲೆಯೇರಿದೆ. ಬಯಲೆಂದರೆ ಏನೂ ಇಲ್ಲದ್ದು; ಅದನ್ನೂ ಇಲ್ಲವೆನ್ನಬೇಕಾಗಿ ಬಂದಾಗ ಭಾಷೆಯ ಸಹಜವಾದ ‘ಬಯಲಲ್ಲದ್ದು’ ಎಂಬ ಮಾತು ಅವರಿಗೆ ಸಾಲದಾಯಿತೆಂದು ತೋರುತ್ತದೆ. ‘ಬಯಲಲ್ಲದ್ದು’ ಎಂದರೆ ಗೋಡೆಯೂ ಆದೀತು, ಮನೆಯೂ ಆದೀತು. ‘ನಿರ್ವಯಲು’ ಎಂದಾಗ ಬಯಲೆಂಬ ಭಾವವೇ ಅಳಿಯುತ್ತದೆ. ಅರಿಸಮಾಸದ ದೋಷವಿದ್ದರೂ ಅರ್ಥದ ಅಗತ್ಯದಿಂದ ಹುಟ್ಟಿದ ಶಬ್ದವಿದು. ವ್ಯಾಕರಣದ ಕೋಲಿನಿಂದ ಇದನ್ನು ಹೊಡೆಯಲು ನಮಗೆ ಮನಸ್ಸಿಲ್ಲ.

ಪಾರಸಿ ಅರಬ್ಬಿಯ ನಿಷೇಧಗಳ ಕಥೆಯನ್ನು ಬೇಗ ಮುಗಿಸೋಣ. ಅಗಳಿಗೆ ನೆರೆಯ ಸಿರಾ ೧೬೮೭ರಲ್ಲಿ ಮೊಗಲರ ವಶವಾಗಿ ಒಂದು ಸುಬಾದ ರಾಜಧಾನಿಯಾಗಿತ್ತು. ಆ ಕಾಲದ ಕಂದಾಯ, ಕಚೇರಿ, ದಂಡುಗಳ ದಾರಿಯಿಂದ ಬಂದ ಶಬ್ದಗಳಿಗೆ ನಮ್ಮ ಸೀಮೆಯಲ್ಲಿ ಬರವಿಲ್ಲ. ವಾರಸುದಾರನಿಲ್ಲದವನು ‘ಬೇವಾರಸಿ’, ಪಾಪ, ಅವನ ದಿಕ್ಕಿಲ್ಲದ ಸ್ಥಿತಿಯೇ ಬೀದಿಯ ಬೈಗುಳವಾಗಿ ‘ಬೇವರ್ಸಿ’ಯಾಯಿತು. ‘ಬೇಜಾರಿ’ನ ‘ಬೇ’ಯನ್ನು ಕಿತ್ತರೆ ಕನ್ನಡದಲ್ಲಿ ಉಳಿಯುವುದು ಮಳೆಗಾಲದ ಜಾರು ಮಾತ್ರ. ‘ಗೈರುಹಾಜರಿ’ ಮಾತ್ರ ಬೇರೆ ಬಗೆ. ಹಾಜರಿ ಎಂಬುದನ್ನು ಒಂದನೆಯ ತರಗತಿಯ ಮಗುವೂ ಬಲ್ಲದು. ಆದ್ದರಿಂದ ‘ಗೈರು’ ಏನು ಮಾಡುತ್ತಿದೆಯೆಂದು ಯಾರೂ ವಿವರಿಸಬೇಕಾಗಿಲ್ಲ.

ತಲೆಯ ನಿಷೇಧವನ್ನು ಒಪ್ಪುವುದಕ್ಕೂ ಬಿಡುವುದಕ್ಕೂ ಒರೆಗಲ್ಲು ಈ ‘ಹಾಜರಿ’ಯೇ ಎಂದು ನಮಗೆ ತೋರುತ್ತದೆ. ಶಬ್ದವು ಸಂಸ್ಕೃತವೋ ಪಾರಸಿಯೋ ಎಂಬುದು ಪ್ರಶ್ನೆಯಲ್ಲ. ನಿಷೇಧವನ್ನು ತೆಗೆದಾಗ ಉಳಿಯುವುದು ಮಗುವಿಗೆ ಗೊತ್ತಿದೆಯೇ ಎಂಬುದು ಪ್ರಶ್ನೆ. ವಿಜ್ಞಾನ ಪಾಠದ ‘ಅಲೋಹ’ ಒಳ್ಳೆಯ ಶಬ್ದ, ಲೋಹ ಗೊತ್ತು. ‘ಅಕಶೇರುಕ’ ಹಾಗಲ್ಲ. ಬೆನ್ನುಮೂಳೆಗೆ ‘ಕಶೇರುಕ’ವೆನ್ನುವವರು ಪಾಠದ ಹೊರಗೆ ಯಾರಿದ್ದಾರೆ? ಎರೆಹುಳುವನ್ನು ಅಂಗೈ ಮೇಲೆ ಇಟ್ಟುಕೊಂಡ ಹುಡುಗನಿಗೆ ‘ಬೆನ್ನೆಲುಬಿಲ್ಲದ ಪ್ರಾಣಿ’ ಎಂದರೆ ಒಡನೆ ಹೊಳೆಯುತ್ತದೆ. ‘ಅಕಶೇರುಕ’ ಎಂದರೆ ಹೆಸರನ್ನು ಬಾಯಿಪಾಠ ಮಾಡುತ್ತಾನೆ. ಇದಕ್ಕೆ ಎದುರಾಗಿ ಗಣಿತದ ಪರಿಭಾಷೆಯನ್ನು ನಾವು ಮೆಚ್ಚಲೇಬೇಕು. ಎರಡು ಪೂರ್ಣಾಂಕಗಳ ಭಾಗಾಕಾರವಾಗಿ ಬರೆಯಲಾಗದ ಸಂಖ್ಯೆಯನ್ನು ‘ಅಭಾಗಲಬ್ಧ’ ಎನ್ನುತ್ತೇವೆ. ಭಾಗಲಬ್ಧವನ್ನು ಮಗು ಭಾಗಾಕಾರ ಕಲಿಯುವಾಗಲೇ ಕಂಡಿರುತ್ತದೆ. ಇದೇ ಸಂಖ್ಯೆಗೆ ಇಂಗ್ಲಿಷಿನವರು ಇಟ್ಟ ಹೆಸರನ್ನು ಕೇಳಿದರೆ ಅದು ವಿವೇಕವಿಲ್ಲದ ಸಂಖ್ಯೆಯೋ ಎಂದು ಸಂಶಯ ಬರುವುದು. ಹಾಗೆಯೇ ಇಂಗ್ಲಿಷಿನವರು ‘ಪ್ರೈಮ್’ ಎಂದು ಮೊದಲಿಗತನದಿಂದ ಹೆಸರಿಸಿದ ಸಂಖ್ಯೆಯನ್ನು ನಾವು ‘ಅವಿಭಾಜ್ಯ’ವೆಂದು ಅದು ಒಡೆಯದ ಗುಣದಿಂದ ಹೆಸರಿಸಿದೆವು. ಏಳನ್ನು ಸಮಪಾಲಾಗಿ ಹಂಚಲು ಹೋಗಿ ಸೋತ ಮಗುವಿಗೆ ಈ ಹೆಸರೇ ಸಾಕು.

ಕನ್ನಡದ ಬಾಲದಲ್ಲಿ ತಲೆಗೆ ಇಲ್ಲದ ಇನ್ನೊಂದು ಸೂಕ್ಷ್ಮವೂ ಉಂಟು. ಸಂಸ್ಕೃತದ ‘ನಿರ್ಲಜ್ಜ’ಕ್ಕೆ ನಾವು ‘ನಾಚಿಕೆಯಿಲ್ಲದವನು’ ಎಂದೂ ಹೇಳಬಹುದು, ‘ನಾಚಿಕೆಗೇಡಿ’ ಎಂದೂ ಹೇಳಬಹುದು. ಮೊದಲನೆಯದು ಇಲ್ಲದಿರುವಿಕೆ, ಎರಡನೆಯದು ಕೆಟ್ಟುಹೋಗಿರುವಿಕೆ, ಏಕೆಂದರೆ ‘ಗೇಡಿ’ ಬಂದದ್ದು ‘ಕೆಡು’ ಧಾತುವಿನಿಂದ. ಸಭೆಯಲ್ಲಿ ಮಾತನಾಡಲು ಅಂಜದ ಹುಡುಗಿಯನ್ನು ನಾಚಿಕೆಯಿಲ್ಲದವಳು ಎಂದು ಮೆಚ್ಚಿಯೂ ಹೇಳಬಹುದು. ನಾಚಿಕೆಗೇಡಿ ಎಂದರೆ ಜಗಳವೇ. ಮಾನಗೇಡಿ, ಮತಿಗೇಡಿ, ಹೊಣೆಗೇಡಿಗಳೂ ಹೀಗೆಯೇ. ಪತ್ರಿಕೆಗಳು ‘ಬೇಜವಾಬ್ದಾರಿ’ ಎಂದು ಬರೆಯುವ ಕಡೆಯಲ್ಲೆಲ್ಲ ‘ಹೊಣೆಗೇಡಿ’ ಎಂದು ಬರೆದರೆ ಎಷ್ಟು ಮಂದಿ ದೂರು ಕೊಟ್ಟಾರೋ ತಿಳಿಯದು. ಇಂಗ್ಲಿಷಿನ ಹಳೆಯ ‘ಅನ್’ ಹೊತ್ತಿದ್ದ ‘ಕೆಟ್ಟ’ ಎಂಬ ಅರ್ಥವನ್ನು ಕನ್ನಡವು ಹೀಗೆ ಬೇರೆಯೇ ಒಂದು ಬಾಲಕ್ಕೆ ವಹಿಸಿ, ಬರಿಯ ಅಭಾವಕ್ಕೆ ‘ಇಲ್ಲದ’ವನ್ನೂ ಬೇರೆತನಕ್ಕೆ ‘ಅಲ್ಲದ’ವನ್ನೂ ಇಟ್ಟುಕೊಂಡಿದೆ. ಆರು ಅರ್ಥಗಳನ್ನು ಒಂದೇ ‘ಅ’ಕಾರದ ಮೇಲೆ ಹೇರಿದ ಸಂಸ್ಕೃತಕ್ಕಿಂತ ಇಲ್ಲಿ ನಮ್ಮ ಭಾಷೆ ಹೆಚ್ಚು ಸ್ಪಷ್ಟವೆಂದು ಹೇಳಲು ಸಂಕೋಚಪಡಬೇಕಾಗಿಲ್ಲ.

ಈಗ ‘ವಿರುದ್ಧ ಪದ’ದ ಪ್ರಶ್ನೆಗೆ ಹಿಂತಿರುಗೋಣ. ಈ ಪ್ರಶ್ನೆಗೆ ಒಂದೇ ಶಬ್ದದ ಉತ್ತರ ಬೇಕು. ಒಂದೇ ಶಬ್ದವೆಂದರೆ ‘ಅ’, ‘ನಿರ್’ಗಳೇ ಬರುತ್ತವೆ. ‘ನಾಶವಾಗುವ’ ಎಂಬುದಕ್ಕೆ ‘ಅವಿನಾಶಿ’ ಎಂದರೆ ಅಂಕವುಂಟು. ‘ಅಳಿಯದ’ ಎಂದರೆ ಕೆಲವರು ಕೊಡುವುದಿಲ್ಲ. ‘ವರ್ಣಿಸಬಹುದಾದ’ಕ್ಕೆ ‘ಅವರ್ಣನೀಯ’ ಸರಿ. ‘ಹೇಳತೀರದ’ ಎಂಬುದು ಆಡುಮಾತು ಎಂದು ತಳ್ಳಿಬಿಡುತ್ತೇವೆ. ನಾವೂ ಹೀಗೆ ತಳ್ಳಿದವರೇ. ಇದರಿಂದ ವ್ಯಾಕರಣದ ಪುಟದಲ್ಲಿ ‘ಮಾಡನು, ಮಾಡಳು’ ಒಪ್ಪಿಸಿದ ಮಗುವಿಗೆ, ಅದೇ ನಿಷೇಧದಿಂದ ಹುಟ್ಟಿದ ‘ಬಾಡದ, ಬತ್ತದ, ಮಾಯದ, ಅಳಿಯದ, ತೀರದ’ ಎಂಬ ನೂರಾರು ವಿಶೇಷಣಗಳೂ ವಿರುದ್ಧ ಪದಗಳೇ ಎಂಬ ಅರಿವು ಆಗುವುದೇ ಇಲ್ಲ. ಅದು ಪ್ರಬಂಧ ಬರೆಯುವಾಗ ‘ಬತ್ತದ ಕೆರೆ’ ಎಂದು ಬರೆಯದೆ, ‘ನಿರಂತರ ಜಲಪೂರಿತವಾದ ಕೆರೆ’ ಎಂದು ಎಲ್ಲೋ ಓದಿದ್ದನ್ನು ತಂದಿಡುತ್ತದೆ. ಮಳೆ ಕಡಮೆಯಾದ ನಮ್ಮ ಸೀಮೆಯಲ್ಲಿ ಬತ್ತದ ಕೆರೆ ಎಂಬ ಮಾತಿಗೆ ಇರುವ ತೂಕವನ್ನು ಕಳೆದುಕೊಂಡು ಮಗು ಗಳಿಸಿದ್ದು ಏನು?

ಷೇಕ್ಸ್‌ಪಿಯರನ ಕಾಲದವರು ಸಲೀಸಾಗಿ ಬಳಸುತ್ತಿದ್ದ ‘ಅನ್‌ಪರ್ಫೆಕ್ಟ್’, ‘ಅನ್‌ಪಾಸಿಬಲ್’ ಎಂಬ ರೂಪಗಳನ್ನು ಲ್ಯಾಟಿನಿನ ‘ಇಮ್’ ಹೊಡೆದು ಹೊರಗೆ ಹಾಕಿತು. ಅದರಿಂದ ಇಂಗ್ಲಿಷಿಗೆ ದೊಡ್ಡ ಹಾನಿಯಾಗಲಿಲ್ಲ. ತಲೆಯ ಒಂದು ನಿಷೇಧ ಹೋಗಿ ತಲೆಯ ಇನ್ನೊಂದು ನಿಷೇಧ ಬಂದಿತು. ನಮ್ಮಲ್ಲಿ ಹಾಗಲ್ಲ. ಇಲ್ಲಿ ನಿಷೇಧದ ಜಾಗವೇ ಬದಲಾಗುತ್ತಿದೆ, ಜಾಗ ಬದಲಾದಾಗ ಧಾತುವಿನ ಸಂಬಂಧವೂ ಕಡಿಯುತ್ತದೆ. ‘ಅಳಿಯದ’ ಎಂಬುದರಲ್ಲಿ ‘ಅಳಿ’ ಕಾಣುತ್ತದೆ, ‘ಅಳಿದ’ವೂ ‘ಅಳಿವು’ ‘ಉಳಿವು’ಗಳೂ ನೆನಪಾಗುತ್ತವೆ, ‘ಅವಿನಾಶಿ’ಯಿಂದ ಕನ್ನಡದ ಯಾವ ಧಾತುವಿಗೂ ದಾರಿಯಿಲ್ಲ.

ಕಳೆದ ಸಲ ನಾವು ತರಗತಿಯಲ್ಲಿ ಪ್ರಶ್ನೆಯನ್ನು ಬೇರೆ ರೀತಿಯಲ್ಲಿ ಕೇಳಿದೆವು. ‘ಬರಲಾರೆ’ ಎಂಬ ಪದ ಕೊಟ್ಟು ಅದರ ವಿರುದ್ಧ ಪದ ಹೇಳಿರೆಂದೆವು. ಕೆಲವರು ‘ಬರುತ್ತೇನೆ’ ಎಂದರು. ಅದು ವಿರುದ್ಧವಲ್ಲ, ಬರಲು ಶಕ್ತಿಯಿದ್ದೂ ಬಾರದಿರಬಹುದು. ಮನೆಯಲ್ಲಿ ತೆಲುಗಾಡುವ ಒಬ್ಬ ಹುಡುಗಿ ಸ್ವಲ್ಪ ಯೋಚಿಸಿ, ‘ಸಾರ್, ಬರಲಾರೆ ಅಂದರೆ ರಾಲೇನು, ಅಲ್ಲವಾ? ರಾಲೇನುಗೆ ರಾಗಲನು. ಹಾಗಾದರೆ ಬರಬಲ್ಲೆ’ ಎಂದಳು. ಆರ್ ಧಾತುವಿನ ಒಪ್ಪಿಗೆಯ ರೂಪವು ಸತ್ತ ಮೇಲೆ ಆ ಖಾಲಿ ಪೀಠದಲ್ಲಿ ‘ಬಲ್ಲೆ’ ಬಂದು ಕುಳಿತಿದೆಯೆಂಬುದನ್ನು ನಾವು ಪುಸ್ತಕ ತಿರುವಿ ಕಂಡುಕೊಂಡಿದ್ದೆವು. ಅವಳು ನೆರೆಭಾಷೆಯ ಕಿಟಕಿಯಿಂದ ಇಣುಕಿ ಕಂಡಳು. ಪೂರ್ಣ ಅಂಕ ಕೊಟ್ಟೆವು. ‘ಸಡ್ಡೆ’ ಎಂದು ಬರೆದ ಬಾಲಕನ ಉತ್ತರಪತ್ರಿಕೆ ಈಗ ನಮ್ಮಲ್ಲಿಲ್ಲ; ಅವನು ಶಾಲೆ ಮುಗಿಸಿ ಬೆಂಗಳೂರಿನ ಕಡೆಗೆ ಕೆಲಸಕ್ಕೆ ಹೋದನೆಂದು ಕೇಳಿದ್ದೇವೆ.